ಕಾಫಿಯ ಮೇಲಿನ ಮೊಕದ್ದಮೆ

ಅಕ್ಕನಿಗೆ ತಮ್ಮನ ನಮಸ್ಕಾರ.

ನನ್ನ ನಿದ್ದೆ ಕೆಡಿಸುವುದು ಸಂಜೆಯ ಕಾಫಿಯೇ ಎಂದು ನೀನು ಡಬ್ಬಿ ಬಚ್ಚಿಟ್ಟೆಯಲ್ಲ, ಅದು ಸುಳ್ಳೆಂದು ತೋರಿಸಲೆಂದೇ ಇಲ್ಲಿನ ಆಸ್ಪತ್ರೆಯ ಸಂಶೋಧನೆಗೆ ಹೆಸರು ಕೊಟ್ಟೆ. ಇಲ್ಲಿ ಕೋಟು ಹಾಕಿದ ದೊಡ್ಡ ಮನುಷ್ಯರೆಲ್ಲ ಸಾಲಾಗಿ ಕೂತು ಕೊಳವೆಯೊಳಗೆ ಉಗುಳುತ್ತಾರೆ, ನರ್ಸಮ್ಮ ಶಹಬ್ಬಾಸ್ ಎನ್ನುತ್ತಾಳೆ!

ನಿನ್ನೆ ಸಂಜೆ ಡಾಕ್ಟರಮ್ಮ ಹೇಳಿದರು: "ಚಿಂತೆ ಇರೋರು ಕಾಫಿನೂ ಜಾಸ್ತಿ ಕುಡೀತಾರೆ, ನಿದ್ದೆನೂ ಕಳ್ಕೋತಾರೆ. ತಪ್ಪು ಚಿಂತೇದೋ ಕಾಫೀದೋ? ಅದಕ್ಕೇ ಹುಟ್ತಾನೇ ಕಾಫಿ ಆಸೆಯ ಜೀನ್ ಪಡ್ಕೊಂಡು ಬಂದೋರನ್ನ ಈ ಎಂಜಲು ನೋಡಿ ಹುಡುಕ್ತೀವಿ. ಅದು ಅಪ್ಪ ಅಮ್ಮ ಕೊಟ್ಟಿದ್ದು, ಚಿಂತೆ ಕೊಟ್ಟಿದ್ದಲ್ಲ. ಅವರಿಗೆ ಉಳಿದೋರಿಗಿಂತ ನಿದ್ದೆ ಕಮ್ಮಿಯಾದ್ರೆ, ಕಾಫಿ ಮೇಲೇ ಅನುಮಾನ."

"ನನ್ನ ಕಾಫಿ ನಿರಪರಾಧಿ ಅಂತ ಅಕ್ಕನಿಗೊಂದು ಚೀಟಿ ಬರ್ಕೊಡಿ ತಾಯಿ" ಎಂದೆ.

"ಸಾವಿರಾರು ಜನರದ್ದು ಒಟ್ಟಿಗೆ ನೋಡಿದ್ರೆ ಗೊತ್ತಾಗೋದು, ನಿಮ್ಮೊಬ್ಬರದು ಹೇಳೋಕಾಗಲ್ಲ. ಕಾಫಿ ಬೇಡ ಅನ್ನೋ ನಮ್ಮತ್ತೇನೇ ಇನ್ನೂ ಒಪ್ಪಿಸೋಕಾಗಿಲ್ಲ ನಂಗೆ!" ಎನ್ನುತ್ತ ಬಾಗಿಲು ಮುಚ್ಚಿ, ತಮ್ಮ ಫ್ಲಾಸ್ಕಿನಿಂದ ನನಗೂ ಒಂದು ಲೋಟ ಕಾಫಿ ಬಗ್ಗಿಸಿದರು.

ಆರೋಗ್ಯ ಚೆನ್ನಾಗಿದೆ. ನಿನ್ನೆ ಮಾತ್ರ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಹಾಸಿಗೆ ಹೊಸದು, ಅದಕ್ಕೇ ಇರಬೇಕು. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಮ್ಮ