ಆನೆಮರಿ ಹೊಳೆ ದಾಟಿದ ಮೇಲೆ

ದೇವದುರ್ಗ, ಸೋಮವಾರ

ಅಪ್ಪನಿಗೆ ಕಲ್ಯಾಣಿಯ ನಮಸ್ಕಾರ.

ನೀನು ದುಡಿಯುವ ಪುಣೆಗೇ ಹೊರಟ ಶೇಖರ ಕಾಕಾನ ಕೈಯಲ್ಲಿ ಈ ಪತ್ರ ಕೊಟ್ಟಿದ್ದೇನೆ. ಫೋನಿನಲ್ಲಿ ಹೇಳಿದರೆ ಅವ್ವನಿಗೆ ಕೇಳಿಸುತ್ತದೆ.

ನೀನು ಸಿರವಾರದ ಮೊಬೈಲ್ ಅಂಗಡಿಯಲ್ಲಿ ಪೆನ್‌ಡ್ರೈವಿಗೆ ಹಾಕಿಸಿ ತಂದಿದ್ದ ಆನೆಮರಿಯ ಸಿನೆಮಾ ನೆನಪಿದೆಯಲ್ಲ? ಮರಿ ತನ್ನ ತಾಯಿಯನ್ನು ಹುಡುಕುತ್ತ ಹೊಳೆ ದಾಟಿದ ಕೂಡಲೇ ಅವ್ವ ಟಿವಿ ಆರಿಸುತ್ತಿದ್ದಳು. "ಆಮ್ಯಾಲ ಮರಿಗೆ ಅವ್ವ ಸಿಕ್ಕಳು. ಏಳ್ರಿ, ಉಣ್ಣಾಕ ಬರ್ರಿ" ಅನ್ನುತ್ತಿದ್ದಳು. ಇಷ್ಟು ವರ್ಷ ನಾನು ಅದನ್ನೇ ನಂಬಿದ್ದೆ.

ನಿನ್ನೆ ಮಧ್ಯಾಹ್ನ ತಂಗಿ ಮೌನೇಶ್ವರಿ ಆಡಲು ಹೋದಾಗ ಅವ್ವ ನನ್ನೊಬ್ಬಳನ್ನೇ ಕೂರಿಸಿಕೊಂಡು ಅದೇ ಸಿನೆಮಾ ಹಚ್ಚಿದಳು. ಹೊಳೆ ಬಂತು. ಅವ್ವ ರಿಮೋಟ್ ಮುಟ್ಟಲಿಲ್ಲ. ಮರಿಗೆ ತಾಯಿ ಸಿಗುವುದೇ ಇಲ್ಲ ಅಪ್ಪ. ಅದು ಬೇರೆ ಆನೆಗಳ ಹಿಂದೆ ಹೊರಟುಹೋಗುತ್ತದೆ.

"ಈಗ ನೀ ದೊಡ್ಡಾಕಿ ಆಗೀದಿ" ಎಂದು ಅವ್ವ ಎದ್ದಳು. ಟ್ರಂಕು ತೆಗೆದು ರೇಷನ್ ಕಾರ್ಡು ಎಲ್ಲಿರುತ್ತದೆ ಎಂದು ತೋರಿಸಿದಳು. ಅದರ ಕೆಳಗೆ ಅವ್ವನ ಹೆಸರಿನ, ರಾಯಚೂರಿನ ಆಸ್ಪತ್ರೆಯ ಚೀಟಿಗಳಿದ್ದವು. ಬರುವ ಸೋಮವಾರ ಗಂಡನನ್ನು ಕರೆದುಕೊಂಡೇ ಬರಬೇಕು ಎಂದು ಮೇಲಿನ ಚೀಟಿಯಲ್ಲಿ ಬರೆದಿದ್ದರು. ಇದನ್ನು ಅವ್ವ ನಿನಗೆ ಹೇಳಿಲ್ಲ ಅನ್ನಿಸುತ್ತದೆ.

ಭಾನುವಾರದೊಳಗೆ ಬಾ. ನಾನು ಬರೆದೆ ಎಂದು ಹೇಳಬೇಡ. ಕೆಲಸ ಮುಗಿಯಿತು, ಅದಕ್ಕೇ ಬಂದೆ ಅನ್ನು.

ಇವತ್ತು ಮೌನೇಶ್ವರಿ ಆನೆಮರಿ ನೋಡಬೇಕೆಂದು ಹಟ ಹಿಡಿದಳು. ಅವ್ವ ಹಗಲಲ್ಲೇ ಮಲಗಿದ್ದಳು. ಹೊಳೆ ಬಂದಾಗ ನಾನೇ ಟಿವಿ ಆರಿಸಿದೆ.

"ಆಮ್ಯಾಲ ಮರಿಗೆ ಅವ್ವ ಸಿಕ್ಕಳು. ಉಣ್ಣಾಕ ಬಾ" ಅಂದೆ.

ನಿನ್ನ ದಾರಿ ಕಾಯುವ ಮಗಳು,
ಕಲ್ಯಾಣಿ