ಮಲಕಮ್ಮನನ್ನು ಯಾರು ಕೇಳಿದರು?

ಮುಟ್ಟುವ ಮೊದಲು ರೋಗಿಯನ್ನು ಕೇಳಬೇಕೆಂದು ಪಾಠ ಹೇಳುವ, ಆಸ್ಪತ್ರೆಯ ನೀತಿ ಸಲಹೆಗಾರರೇ,

ಕಳೆದ ಬುಧವಾರ ಅದೇ ಪಾಠ ಹೇಳುತ್ತ, "ಉದಾಹರಣೆಗೆ" ಎಂದು ನನ್ನ ಅಕ್ಕ ಮಲಕಮ್ಮನ ಸೆರಗು ಸರಿಸಿದವರು ನೀವೇ. ಅವಳನ್ನು ಕೇಳಲಿಲ್ಲ. ಎದೆಯ ಗಂಟು ತೆಗೆಸಲು ಬಂದವಳು ಮರುದಿನವೇ ಗಂಟಿನ ಸಮೇತ ನಮ್ಮೂರು ಕೆಂಭಾವಿಯ ಬಸ್ಸು ಹತ್ತಿದಳು.

ನಾನು ಏಳನೇ ತರಗತಿಯವರೆಗೆ ಓದಿದವಳು. ನಿಮ್ಮ ಪಾಠ ಅರ್ಧ ಇಂಗ್ಲಿಷು. ಆದರೂ ಘನತೆ, ಅನುಮತಿ ಎಂಬ ಮಾತುಗಳು ನನಗೂ ತಿಳಿದವು. ಎಷ್ಟು ಚೆಂದ ಹೇಳಿದಿರಿ! ಹದಿನಾಲ್ಕು ವಿದ್ಯಾರ್ಥಿಗಳು ಬರೆದುಕೊಂಡರು. ಅಕ್ಕ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಗೋಡೆಗೆ ಮುಖ ಮಾಡಿದ್ದಳು.

"ಸರ್, ಆಕಿನ್ನ ಒಂದ್ ಮಾತು ಕೇಳಬೇಕಿತ್ತಲ್ರಿ?" ಎಂದೆ.

"ಅಡ್ಮಿಟ್ ಆಗೋವಾಗ ಸಹಿ ಮಾಡ್ಯಾರಲ್ಲಮ್ಮ. ಇದು ಕಲಿಸೋ ದವಾಖಾನಿ," ಎಂದಿರಿ ನೀವು.

ಅಕ್ಕ ಗೋಡೆಯತ್ತಲೇ ಅಂದಳು: "ಸಹಿ ಗಂಟು ತಗಸಾಕ ಮಾಡೀನ್ರಿ, ನನ್ನ ಮುಂದ ಸಂತಿ ಕೂಡಸಾಕ ಅಲ್ಲ."

ಎಲ್ಲರೂ ನಕ್ಕರು. ನೀವೂ ನಕ್ಕಿರಿ.

ಮಕ್ಕಳು ಕಲಿಯಬಾರದೆಂದು ನಾನು ಹೇಳುವುದಿಲ್ಲ. ಅವರು ಕಲಿಯದಿದ್ದರೆ ನಾಳೆ ನಮ್ಮ ಮೊಮ್ಮಕ್ಕಳ ಕೈನಾಡಿ ಹಿಡಿಯುವವರು ಯಾರು? ಆದರೆ ಅವರು ಅಂದು ಕಲಿತದ್ದೇನು? ಅನುಮತಿ ಎಂದರೆ ಬರೆದುಕೊಳ್ಳುವ ಮಾತು, ಕೇಳುವ ಮಾತಲ್ಲ ಎಂದಲ್ಲವೇ? ನಮ್ಮೂರ ಪೂಜಾರಿ ಗುಡಿಯ ಕದ ತೆರೆಯುವ ಮೊದಲು ಗಂಟೆ ಬಾರಿಸಿ ದೇವರಿಗೆ ತಿಳಿಸುತ್ತಾನೆ. ಕಲ್ಲಿನ ದೇವರಿಗೆ ಇರುವ ಮರ್ಯಾದೆ ಉಸಿರಾಡುವ ಹೆಂಗಸಿಗೆ ಬೇಡವೇ? ವೈದ್ಯರು ತಪ್ಪಿದರೆ ನಿಮಗೆ ದೂರು ಕೊಡಬೇಕೆಂದು ನಿಮ್ಮ ಬಾಗಿಲ ಮೇಲೆ ಬರೆದಿದೆ. ನೀವೇ ತಪ್ಪಿದರೆ ಯಾವ ಬಾಗಿಲು ಬಡಿಯಬೇಕು? ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ.

ಈ ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಕಷ್ಟ ಎಂದು ಸರ್ಜನ್ ಎಚ್ಚರಿಸಿದ್ದಾರೆ. ಅಕ್ಕ ಮಾತ್ರ, "ಸತ್ರ ಮನ್ಯಾಗ ಸಾಯ್ತೀನಿ, ಮೈತುಂಬ ಸೆರಗು ಹೊದ್ದು" ಎನ್ನುತ್ತಾಳೆ. ಎಳೆದುಕೊಂಡು ಬರಲೇ? ಕೇಳದೆ ಕೈ ಹಾಕುವುದು ನಿಮ್ಮ ಪದ್ಧತಿ, ನನ್ನದಲ್ಲ.

ಆದ್ದರಿಂದ ನೀವೇ ಕೆಂಭಾವಿಗೆ ಬರಬೇಕು. ಆ ಹದಿನಾಲ್ಕು ಮಂದಿಯನ್ನೂ ಕರೆತನ್ನಿ. ಅವರೆದುರೇ ಅಕ್ಕನಲ್ಲಿ ತಪ್ಪೊಪ್ಪಿಕೊಳ್ಳಿ. ಆಪರೇಷನ್ನಿಗೆ ಬರುವಿರಾ ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕೂರಿ. ವಿದ್ಯಾರ್ಥಿಗಳು ನೋಡಬಹುದೇ ಎಂಬುದನ್ನು ಬೇರೆಯಾಗಿಯೇ ಕೇಳಿ. ಅದಕ್ಕೆ ಅವಳು "ಬ್ಯಾಡ" ಎಂದರೆ ಅದನ್ನೂ ಬರೆದುಕೊಳ್ಳಲು ಹೇಳಿ. ಹಾಗೆಂದವಳಿಗೂ ಅದೇ ಮಂಚ, ಅದೇ ಸರ್ಜನ್, ಅದೇ ಆಪರೇಷನ್ ಸಿಗಬೇಕು.

ಇಂತಿ,
ನೀವು ಕೇಳದಿದ್ದರೂ ಉತ್ತರ ಕೊಟ್ಟ
ಕಲ್ಯಾಣಮ್ಮ, ಕೆಂಭಾವಿ