ಬೀಗರು ತಂದ ಅಕ್ಕಿ

ಶನಿವಾರಸಂತೆ,
೨೧ ಮೇ ೧೯೪೩

ನನ್ನವರಿಗೆ ನಿಮ್ಮ ಸುಲೋಚನೆ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಕಾಲಿನ ಗಾಯ ಮಾಗಿತೇ? ಪಲ್ಟನ್ನಿನಲ್ಲಿ ಹೊತ್ತು ಹೊತ್ತಿಗೆ ರೊಟ್ಟಿ ಸಿಗುತ್ತದೆಂದು ನೀವು ಬರೆದದ್ದನ್ನು ಓದಿ ಅವ್ವ ದೇವರಿಗೆ ಕೈಮುಗಿದಳು. ನಿಮ್ಮ ಮಗಳು ಈಗ ಬೋರಲು ಬೀಳುತ್ತಾಳೆ. ನಿಮ್ಮದೇ ಹಣೆ, ನಿಮ್ಮದೇ ಸಿಟ್ಟು. ನಾನಿನ್ನೂ ತವರಿನಲ್ಲೇ ಇದ್ದೇನೆ. ಯಾಕೆಂದು ತಿಳಿಸಬೇಕು.

ಬಾಣಂತನ ಮುಗಿಯಿತೆಂದು ಈ ತಿಂಗಳ ಮೊದಲಲ್ಲಿ ಮಾವನವರೂ ಅತ್ತೆಯವರೂ ನಮ್ಮಿಬ್ಬರನ್ನು ಕರೆದೊಯ್ಯಲು ಗಾಡಿ ಕಟ್ಟಿಸಿಕೊಂಡು ಬಂದರು. ಹೋದ ವರ್ಷ ನಮ್ಮ ಗದ್ದೆ ಕೈಕೊಟ್ಟದ್ದೂ, ಯುದ್ಧದ ದೆಸೆಯಿಂದ ಅಂಗಡಿಯಲ್ಲಿ ಅಕ್ಕಿ ಸಿಗದಿರುವುದೂ ಅವರಿಗೆ ಗೊತ್ತಿತ್ತು. ಅತ್ತೆಯವರು ಹಿತ್ತಿಲ ಬಾಗಿಲಿಂದ ಬಂದು ಅಕ್ಕಿಗಂಟೊಂದನ್ನು ಅವ್ವನ ಕೈಗಿಟ್ಟು, "ನಮ್ಮ ಪಾಲಿಂದು ಇದ್ರಲ್ಲೇ ಬೇಯ್ಸಿ ತಾಯಿ. ಗಂಡಸ್ರಿಗೆ ತಿಳೀದೆ ಇರ್ಲಿ" ಎಂದರು. ಅವ್ವನ ಕಣ್ಣು ತುಂಬಿತು. ಅದೇ ಹೊತ್ತಿಗೆ ಕಾಲಿಗೆ ನೀರು ಒಯ್ಯಲು ಬಂದ ಅಪ್ಪಯ್ಯ ಬಾಗಿಲಲ್ಲೇ ನಿಂತುಬಿಟ್ಟರು. ಕೂಗಾಡಲಿಲ್ಲ. ಗಂಟನ್ನು ಎತ್ತಿಕೊಂಡು ಹೋಗಿ ಗಾಡಿಯಲ್ಲಿಟ್ಟು ಬಂದರು. ಆಮೇಲೆ ಅಟ್ಟ ಹತ್ತಿ, ಬಿತ್ತನೆಗೆಂದು ಕಟ್ಟಿಟ್ಟಿದ್ದ ಭತ್ತವನ್ನು ಇಳಿಸಿ ಒರಳಿನ ಮುಂದೆ ಸುರಿದರು. ಅವ್ವ ಅಡ್ಡ ಬಂದಳು. "ಕುಟ್ಟು" ಎಂದರು, ಅಷ್ಟೇ. ಅವ್ವನೂ ನಾನೂ ಕುಟ್ಟಿದೆವು.

ಒನಕೆಯ ಸದ್ದು ಜಗುಲಿಯಲ್ಲಿದ್ದ ಮಾವನವರಿಗೆ ಕೇಳಿಸದೆ ಇದ್ದೀತೇ? ಎಲೆ ಹಾಕಿ ಅಪ್ಪಯ್ಯ ತಾವೇ ಬಡಿಸಲು ನಿಂತಾಗ ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಅಪ್ಪಯ್ಯ ಬಿಸಿ ಅನ್ನವನ್ನು ಆ ಕೈ ಮೇಲೇ ಬಡಿಸಿದರು.

"ಸಾಕು ಬೀಗ್ರೆ. ಮನೇಲಿ ಬಾಣಂತಿ ಅವ್ಳೆ, ಅವ್ಳಿಗಿರ್ಲಿ."

"ನನ್ನ ಮನೇಲಿ ಅನ್ನಕ್ಕೆ ಬರ ಬಂದಿಲ್ಲ, ಉಣ್ಣಿ."

"ಬಂದಿದ್ರೆ ಹೇಳೋಕೇನು? ನಾವೇನು ಹೊರಗಿನೋರಾ?"

ಮಾವನವರು ಅದನ್ನು ಮೆತ್ತಗೇ ಹೇಳಿದರು, ನಾನೇ ಕೇಳಿದ್ದೇನೆ. ಆದರೆ ಅಪ್ಪಯ್ಯ, "ಅಕ್ಕಿ ಹೊತ್ಕೊಂಡು ಬಂದಾಗ್ಲೇ ಹೊರಗಿನೋರಾದ್ರಿ" ಎಂದುಬಿಟ್ಟರು. ಮಾವನವರು ಅರ್ಧ ಎಲೆಯಲ್ಲೇ ಎದ್ದರು. ಉಣ್ಣದೆ ಎದ್ದವರ ಮನೆಗೆ ಮಗಳನ್ನು ಕಳಿಸುವುದಿಲ್ಲ ಎಂದು ಇವರು, ನೀವಾಗಿ ಕಳಿಸುವ ತನಕ ನಮ್ಮ ಗಾಡಿ ಇತ್ತ ಬರುವುದಿಲ್ಲ ಎಂದು ಅವರು. ಅತ್ತೆಯವರು ಮಗುವಿನ ಪಾದಕ್ಕೆ ಮುತ್ತಿಟ್ಟು ಗಾಡಿ ಹತ್ತಿದರು. ಎಲೆಯಲ್ಲಿ ಉಳಿದ ಅನ್ನವನ್ನು ಅಪ್ಪಯ್ಯ ಕಲಗಚ್ಚಿಗೆ ಸುರಿದರು.

ಕುಟ್ಟಿದ ಭತ್ತ ಮತ್ತೆ ಬೀಜವಾಗುವುದಿಲ್ಲ. ಮಿಕ್ಕ ಅಕ್ಕಿಯನ್ನು ಇಷ್ಟು ದಿನ ಗಂಜಿ ಕಾಯಿಸಿ ಕುಡಿದೆವು. ಮೊನ್ನೆ ಹದವಾದ ಮಳೆ ಬಂತು, ಊರವರೆಲ್ಲ ಸಸಿಮಡಿ ಮಾಡುತ್ತಿದ್ದಾರೆ. ಅಪ್ಪಯ್ಯ ಬೆಳಗಾದರೆ ಹೋಗಿ ಬದುವಿನ ಮೇಲೆ ಕೂತು, ಸುಮ್ಮನೆ ಮನೆಗೆ ಬರುತ್ತಾರೆ. ಇಬ್ಬರಲ್ಲಿ ಯಾರ ಮೇಲೆ ಸಿಟ್ಟಾಗಲಿ, ನೀವೇ ಹೇಳಿ.

ಅಪ್ಪಯ್ಯ, ಅವ್ವ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ಬರೆಯಲು ಅಪ್ಪಯ್ಯ ಹೇಳಿದರು. ಬರೆದಿದ್ದೇನೆ.

ನಿಮ್ಮವಳು,
ಸುಲೋಚನೆ

ಮರೆತ ಮಾತು: ಅಪ್ಪಯ್ಯ ಹೊರಗೆ ಹೋದರು, ಬೇಗ ಬರೆಯುತ್ತೇನೆ. ಕ್ಷೇಮವಿಲ್ಲ. ನನ್ನ ಎದೆಹಾಲು ಬತ್ತಿದೆ. ಮಗು ಮೊದಲು ಅಳುತ್ತಿತ್ತು, ಈಗ ಅಳುವುದೂ ಕಡಿಮೆ. ನಿಮ್ಮ ಉತ್ತರ ಬರುವ ತನಕ ಅದು ತಡೆಯಲಾರದು. ನಾಳೆ ಸಂತೆ ಮುಗಿಸಿ ಕೊಡ್ಲಿಪೇಟೆಗೆ ಹಿಂದಿರುಗುವ ಗಾಡಿಯೊಂದನ್ನು ಅವ್ವ ಗೊತ್ತುಮಾಡಿದ್ದಾಳೆ. ಕರೆಯದೆ ಹೋಗಿ ಮಾವನವರ ಬಾಗಿಲಲ್ಲಿ ನಿಲ್ಲುತ್ತೇನೆ. ಅಪ್ಪಯ್ಯನಿಗೆ ಹೇಳಿಲ್ಲ. ಅವರು ಇನ್ನು ನನ್ನ ಮುಖ ನೋಡಲಾರರು. ಕಾಗದವನ್ನು ಇನ್ನು ಕೊಡ್ಲಿಪೇಟೆಯ ನಮ್ಮ ಮನೆಗೇ ಹಾಕಿ.